ಎಂಜಿನ್ ಹೆಡ್‌ನಲ್ಲಿ ಮುರಿದುಳಿದ ಎಕ್ಸಾಸ್ಟ್ ಸ್ಟಡ್: ಟ್ರಕ್ಕನ್ನು ತಾವೇ ರಿಪೇರಿ ಮಾಡುವವರಿಗೆ ಪೂರ್ತಿ ಮಾರ್ಗದರ್ಶಿ

ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಟಿಕ್ ಟಿಕ್ ಟಿಕ್ ಎಂದು ಒಂದೇ ಲಯದ ಸದ್ದು. ಆಕ್ಸಿಲರೇಟರ್ ತುಳಿದರೆ ಲಯವೂ ಚುರುಕಾಗುತ್ತದೆ. ಹತ್ತು ಹದಿನೈದು ನಿಮಿಷ ಗಾಡಿ ಓಡಿದ ಮೇಲೆ ಸದ್ದು ಮೆಲ್ಲಗೆ ಅಡಗುತ್ತದೆ, ಮರುದಿನ ಬೆಳಿಗ್ಗೆ ಮತ್ತೆ ಶುರುವಾಗುತ್ತದೆ. ಬಹಳ ಜನ ಇದನ್ನು ಟ್ಯಾಪೆಟ್ (ವಾಲ್ವನ್ನು ಒತ್ತುವ ಭಾಗ) ಸದ್ದು ಎಂದುಕೊಂಡು ಟ್ಯಾಪೆಟ್ ಸೆಟ್ ಮಾಡಿಸುತ್ತಾರೆ, ಸದ್ದು ಹೋಗುವುದಿಲ್ಲ. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ತುದಿಯ ಸ್ಟಡ್ ಮುರಿದಿದ್ದರೆ ಹೀಗೇ ಕೇಳಿಸುತ್ತದೆ. ಮ್ಯಾನಿಫೋಲ್ಡ್ ಎಂದರೆ ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಲೋಹದ ಕೊಳವೆ, ಹೆಡ್ ಎಂದರೆ ಸಿಲಿಂಡರುಗಳ ಮೇಲೆ ಕೂರುವ ಎಂಜಿನ್ನಿನ ಭಾಗ. ಸ್ಟಡ್ ಎಂದರೆ ಎರಡೂ ತುದಿಯಲ್ಲಿ ಥ್ರೆಡ್ (ತಿರುಪಿನ ಹಲ್ಲು) ಇರುವ ತಲೆಯಿಲ್ಲದ ಬೋಲ್ಟ್; ಒಂದು ತುದಿ ಹೆಡ್ಡಿನೊಳಗೆ, ಇನ್ನೊಂದು ತುದಿಗೆ ಮ್ಯಾನಿಫೋಲ್ಡ್ ಹಿಡಿಯುವ ನಟ್ಟು. ತಣ್ಣಗಿದ್ದಾಗ ಮ್ಯಾನಿಫೋಲ್ಡಿಗೂ ಹೆಡ್ಡಿಗೂ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ. ಲೋಹ ಬಿಸಿಯಾಗಿ ಹಿಗ್ಗಿದಾಗ ಆ ಸಂದು ಮುಚ್ಚಿಕೊಳ್ಳುತ್ತದೆ.

ಇಲ್ಲಿ ಎರಡು ಕೆಲಸಗಳಿವೆ. ಹೆಡ್‌ನೊಳಗೆ ಉಳಿದ ತುಂಡನ್ನು ಹೆಡ್ಡಿಗೆ ಏಟಾಗದಂತೆ ತೆಗೆಯಬೇಕು. ಆ ಸ್ಟಡ್ ಯಾಕೆ ಮುರಿಯಿತೋ ಆ ಕಾರಣವನ್ನೂ ಸರಿ ಮಾಡಬೇಕು. ಮೊದಲನೆಯದನ್ನು ಕಷ್ಟಪಟ್ಟು ಮುಗಿಸಿ ಎರಡನೆಯದನ್ನು ಬಿಟ್ಟವರ ಗಾಡಿಯಲ್ಲಿ ಅದೇ ಜಾಗದ ಹೊಸ ಸ್ಟಡ್ ಮತ್ತೆ ಮುರಿದಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ.

ಮೊದಲು ಖಾತ್ರಿ ಮಾಡಿಕೊಳ್ಳಿ

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಟಾರ್ಚ್ ಹಿಡಿದು ಮ್ಯಾನಿಫೋಲ್ಡ್ ಹೆಡ್ಡಿಗೆ ಕೂಡುವ ಗೆರೆಯ ಉದ್ದಕ್ಕೂ ನೋಡಿ. ಹೊಗೆ ಸೋರುವ ಜಾಗದಲ್ಲಿ ಬೀಸಣಿಗೆಯ ಹಾಗೆ ಹರಡಿದ ಕಪ್ಪು ಮಸಿ ಇರುತ್ತದೆ. ನಟ್ಟೇ ಇಲ್ಲದ ತೂತು ಕಂಡರೆ ಅನುಮಾನವೇ ಬೇಡ. ಕೆಲವೊಮ್ಮೆ ನಟ್ಟು ಜಾಗದಲ್ಲೇ ಇದ್ದರೂ ಒಳಗೆ ಸ್ಟಡ್ ತುಂಡಾಗಿರುತ್ತದೆ. ಬೆರಳಿನಿಂದ ಒಂದೊಂದೇ ನಟ್ಟನ್ನು ಅಲುಗಾಡಿಸಿ ನೋಡಿ. ಹಿಂದಿನ ತುದಿ ಕಣ್ಣಿಗೆ ಬೀಳದಿದ್ದರೆ ಫೋನ್ ಕ್ಯಾಮೆರಾ ಒಳಗೆ ತೂರಿಸಿ ವಿಡಿಯೋ ತೆಗೆದುಕೊಳ್ಳಿ.

ಅನುಮಾನ ಉಳಿದರೆ ಸುಲಭದ ಪರೀಕ್ಷೆಯೊಂದಿದೆ. ವ್ಯಾಕ್ಯೂಮ್ ಕ್ಲೀನರಿನ ಗಾಳಿ ಹೊರಬರುವ ಕಡೆಗೆ ಪೈಪ್ ಜೋಡಿಸಿ ಸೈಲೆನ್ಸರ್ ತುದಿಗೆ ಹಿಡಿಯಿರಿ, ಸುತ್ತ ಬಟ್ಟೆ ತುರುಕಿ. ತಣ್ಣಗಿರುವ ಮ್ಯಾನಿಫೋಲ್ಡಿನ ಮೇಲೆ ಸೋಪಿನ ನೀರು ಚಿಮುಕಿಸಿ. ಸೋರುವ ಕಡೆ ಗುಳ್ಳೆಗಳು ಏಳುತ್ತವೆ.

ಸದ್ದಷ್ಟೇ ತಾನೆ, ಇರಲಿ ಎಂದು ಬಿಡಬೇಡಿ. ಎಕ್ಸಾಸ್ಟ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಸೋರಿದ ಹೊಗೆ ಕ್ಯಾಬಿನ್ ಒಳಗೆ ಬರಬಹುದು. ಟರ್ಬೊ ಇರುವ ಡೀಸೆಲ್ ಎಂಜಿನ್ನಿನಲ್ಲಿ ಟರ್ಬೊಗೆ ಹೋಗಬೇಕಾದ ಒತ್ತಡ ಸೋರಿಹೋಗಿ ಎಳೆಯುವ ಶಕ್ತಿ ಕುಗ್ಗುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಅದೇ ಸಂದಿನಿಂದ ಹೊರಗಿನ ಗಾಳಿ ಒಳಸೇರಿ, ಆಕ್ಸಿಜನ್ ಸೆನ್ಸರ್ ಇಂಧನ ಕಡಿಮೆಯಾಗಿದೆ ಎಂದು ತಪ್ಪಾಗಿ ಓದುತ್ತದೆ.

ತುದಿಯ ಸ್ಟಡ್ಡೇ ಯಾಕೆ ಮುರಿಯುತ್ತದೆ

ಸಣ್ಣ ಲೆಕ್ಕವೊಂದನ್ನು ಮಾಡಿದರೆ ಇದು ಅರ್ಥವಾಗುತ್ತದೆ. ಎರಕದ ಕಬ್ಬಿಣ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಒಂದು ಮೀಟರಿಗೆ ಸುಮಾರು 0.011 ಮಿ.ಮೀ. ಹಿಗ್ಗುತ್ತದೆ. ಅರ್ಧ ಮೀಟರ್ ಉದ್ದದ ಮ್ಯಾನಿಫೋಲ್ಡ್ ಲೋಡ್ ಮೇಲೆ 500 ಡಿಗ್ರಿ ಬಿಸಿಯೇರಿದರೆ ಸುಮಾರು 2.75 ಮಿ.ಮೀ. ಉದ್ದವಾಗುತ್ತದೆ. ಹೆಡ್ ಅಷ್ಟು ಬಿಸಿಯಾಗುವುದಿಲ್ಲ, ಕೂಲೆಂಟ್ ಅದನ್ನು 90 ಡಿಗ್ರಿಯ ಆಸುಪಾಸಿನಲ್ಲಿ ಇಟ್ಟಿರುತ್ತದೆ. ಹೆಡ್ ಕೂಡ ಕಬ್ಬಿಣದ್ದೇ ಆದರೆ ಅದೇ ಉದ್ದಕ್ಕೆ ಅರ್ಧ ಮಿ.ಮೀ. ಕೂಡ ಹಿಗ್ಗದು. ಅಂದರೆ ನಡುವಿನಿಂದ ಲೆಕ್ಕ ಹಾಕಿದರೆ ಒಂದೊಂದು ತುದಿಯಲ್ಲೂ ಮ್ಯಾನಿಫೋಲ್ಡ್ ಹೆಡ್ಡಿನ ಮೇಲೆ ಒಂದು ಮಿ.ಮೀ.ಗಿಂತ ಹೆಚ್ಚು ಜಾರಬೇಕು. ತಣ್ಣಗಾದಾಗ ವಾಪಸ್ ಬರಬೇಕು. ಗಾಡಿ ಓಡಿದ ಪ್ರತಿ ದಿನ ಇದೇ ನಡೆಯುತ್ತದೆ.

ಈ ಜಾರಾಟಕ್ಕೆಂದೇ ಬಹಳಷ್ಟು ಮ್ಯಾನಿಫೋಲ್ಡುಗಳಲ್ಲಿ ನಡುವಿನ ತೂತು ಬಿಗಿಯಾಗಿದ್ದು ತುದಿಯ ತೂತುಗಳು ದೊಡ್ಡದಾಗಿ ಅಥವಾ ಉದ್ದುದ್ದವಾಗಿ ಇರುತ್ತವೆ. ತೂತಿನಲ್ಲಿ ತುಕ್ಕು, ಮಸಿ ತುಂಬಿದರೆ, ಮ್ಯಾನಿಫೋಲ್ಡ್ ಬಾಗಿದರೆ, ಇಲ್ಲವೇ ಯಾರಾದರೂ ಬೇಕಾದ್ದಕ್ಕಿಂತ ಜಾಸ್ತಿ ಬಿಗಿ ಮಾಡಿದ್ದರೆ ಜಾರಲು ಜಾಗವಿರುವುದಿಲ್ಲ. ಆಗ ಬಲವೆಲ್ಲ ಸ್ಟಡ್ಡಿನ ಕುತ್ತಿಗೆಯ ಮೇಲೆ ಅಡ್ಡಡ್ಡ ಬೀಳುತ್ತದೆ. ಹೆಡ್ ಅಲ್ಯೂಮಿನಿಯಮ್ಮಿನದಾದರೆ ಇನ್ನೊಂದು ತೊಡಕಿದೆ: ಉಕ್ಕಿನ ಸ್ಟಡ್, ಅಲ್ಯೂಮಿನಿಯಂ ಥ್ರೆಡ್, ನಡುವೆ ತೇವ ಸೇರಿದರೆ ಎರಡೂ ಒಂದಕ್ಕೊಂದು ಕಚ್ಚಿಕೊಂಡು ಬಿಡುತ್ತವೆ.

ಕೈ ಹಾಕುವ ಮುಂಚೆ

ಗಾಡಿಯನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ ಚಕ್ರಗಳಿಗೆ ಅಡ್ಡ ಕೊಡಿ. ಎತ್ತಬೇಕಾದರೆ ಗಾಡಿಯ ತೂಕ ಹೊರುವ ಸ್ಟ್ಯಾಂಡಿನ ಮೇಲೇ ಕೂರಿಸಿ. ಬರೀ ಜಾಕ್ ಮೇಲೆ ನಿಂತ ಟ್ರಕ್ಕಿನ ಅಡಿಗೆ ಹೋಗಲೇಬೇಡಿ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಡಿ. ಚಕ್ರದ ಮೇಲಿನ ಒಳಗವಚ ತೆಗೆದರೆ ಕೆಲವು ಗಾಡಿಗಳಲ್ಲಿ ಮ್ಯಾನಿಫೋಲ್ಡಿಗೆ ಪಕ್ಕದಿಂದ ನೇರವಾಗಿ ಕೈ ಹೋಗುತ್ತದೆ. ಆ ಅರ್ಧ ಗಂಟೆಯ ಕೆಲಸಕ್ಕೆ ಬೇಸರ ಪಡಬೇಡಿ. ಡ್ರಿಲ್ ನೇರವಾಗಿ ಹಿಡಿಯಲು ಜಾಗ ಸಿಗುವುದೇ ಈ ಕೆಲಸದಲ್ಲಿ ದೊಡ್ಡ ಲಾಭ.

ಹೆಡ್ ಯಾವ ಲೋಹ ಎಂದು ಮೊದಲೇ ತಿಳಿದುಕೊಳ್ಳಿ. ಅಯಸ್ಕಾಂತ ಹಿಡಿಯಿರಿ, ಅಂಟಿಕೊಂಡರೆ ಎರಕದ ಕಬ್ಬಿಣ, ಇಲ್ಲವಾದರೆ ಅಲ್ಯೂಮಿನಿಯಂ. ಮುಂದಿನ ಎಷ್ಟೋ ತೀರ್ಮಾನಗಳು ಇದರ ಮೇಲೆ ನಿಂತಿವೆ. ಸ್ಟಡ್ಡಿನ ಅಳತೆ, ಟಾರ್ಕ್ (ಎಷ್ಟು ಬಲದಿಂದ ತಿರುಗಿಸಿ ಬಿಗಿಯಬೇಕು ಎಂಬ ಅಂಕಿ), ಬಿಗಿ ಮಾಡುವ ಕ್ರಮ ಇವು ನಿಮ್ಮ ಎಂಜಿನ್ನಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತವೆ. ಸ್ಟಡ್ ತೂತು ಕೂಲೆಂಟ್ ಹರಿಯುವ ಜಾಗಕ್ಕೆ ತೆರೆದುಕೊಂಡಿದೆಯೇ ಎಂಬುದನ್ನೂ ಅದರಲ್ಲೇ ನೋಡಿ. ತೆರೆದುಕೊಂಡಿದ್ದರೆ ಮೊದಲು ಕೂಲೆಂಟ್ ಇಳಿಸಬೇಕು, ಕೊನೆಯಲ್ಲಿ ಹೊಸ ಸ್ಟಡ್ಡಿನ ಥ್ರೆಡ್ಡಿಗೆ ಸೀಲೆಂಟ್ ಹಚ್ಚಬೇಕು.

ಹೊಸ ಸ್ಟಡ್, ನಟ್ಟುಗಳನ್ನು ಪೂರ್ತಿ ಸೆಟ್ಟಾಗಿ ತನ್ನಿ, ಹೆಡ್ಡಿಗೂ ಮ್ಯಾನಿಫೋಲ್ಡಿಗೂ ನಡುವೆ ಸೋರದಂತೆ ಕೂರುವ ಗ್ಯಾಸ್ಕೆಟ್ ಕೂಡ. ಒಂದು ಮುರಿದಿದ್ದರೆ ಅದರ ಜೊತೆಯವೂ ಅಷ್ಟೇ ಬಿಸಿ ಉಂಡಿವೆ.

ಉಳಿದ ನಟ್ಟುಗಳನ್ನು ಮುರಿಯದೆ ಬಿಚ್ಚುವುದು

ಒಂದು ಮುರಿದ ಸ್ಟಡ್ ತೆಗೆಯಲು ಹೋಗಿ ಇನ್ನೂ ಮೂರು ಮುರಿದುಕೊಳ್ಳುವುದು ಇದೇ ಹಂತದಲ್ಲಿ. ಹಿಂದಿನ ರಾತ್ರಿಯೇ ಎಲ್ಲ ನಟ್ಟುಗಳಿಗೂ ತುಕ್ಕು ಬಿಡಿಸುವ ಎಣ್ಣೆ ಬಿಡಿ, ಬೆಳಿಗ್ಗೆ ಇನ್ನೊಮ್ಮೆ ಬಿಡಿ. ಎಣ್ಣೆ ಬಿಟ್ಟ ಮೇಲೆ ಚಿಕ್ಕ ಸುತ್ತಿಗೆಯಿಂದ ಸ್ಟಡ್ಡಿನ ತುದಿಗೆ ನೇರವಾಗಿ ಹತ್ತಾರು ಸಲ ಮೆಲ್ಲಗೆ ಕುಟ್ಟಿ. ಆ ಅದುರಿಗೆ ತುಕ್ಕು ಬಿರಿದು ಎಣ್ಣೆ ಒಳಗಿಳಿಯುತ್ತದೆ.

ನಟ್ಟಿಗೆ ಆರು ಮೂಲೆಯ ಸಾಕೆಟ್ಟನ್ನೇ ಹಾಕಿ. ಹನ್ನೆರಡು ಮೂಲೆಯದು ತುಕ್ಕು ತಿಂದ ನಟ್ಟಿನ ಮೂಲೆಗಳನ್ನು ಸವೆಸಿಬಿಡುತ್ತದೆ. ಈಗ ಬಲ ಹಾಕುವಾಗ ಕೈಗೆ ಬರುವ ಸುದ್ದಿ ಕೇಳಬೇಕು. ನಟ್ಟು ನಿಜವಾಗಿ ಬಿಡುವಾಗ 'ಕಿರ್ರ್' ಎಂಬ ಒಣ ಸದ್ದಿನೊಡನೆ ಒಮ್ಮೆಗೇ ಜರುಗುತ್ತದೆ. ಹಾಗಲ್ಲದೆ ಸ್ಪ್ಯಾನರ್ ಸದ್ದಿಲ್ಲದೆ ರಬ್ಬರಿನ ಹಾಗೆ ಮೆತ್ತಗೆ ತಿರುಗಿ, ಕೈ ಸಡಿಲಿಸಿದರೆ ಸ್ವಲ್ಪ ಹಿಂದಕ್ಕೆ ಬಂದರೆ ತಿರುಗುತ್ತಿರುವುದು ನಟ್ಟಲ್ಲ, ಸ್ಟಡ್ ತಿರುಚಿಕೊಳ್ಳುತ್ತಿದೆ. ಅಲ್ಲೇ ನಿಲ್ಲಿಸಿ. ಬಿಗಿ ಮಾಡುವ ದಿಕ್ಕಿಗೆ ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಬಿಚ್ಚುವ ದಿಕ್ಕಿಗೆ. ಎಣ್ಣೆ ಬಿಡಿ, ಮತ್ತೆ ಹಿಂದೆ ಮುಂದೆ. ಈ ಹಿಂದುಮುಂದಾಟದಲ್ಲಿ ಒಂದೊಂದು ನಟ್ಟಿಗೆ ಹತ್ತು ನಿಮಿಷ ಹೋದರೂ ಹೋಗಲಿ. ಒಂದು ಮುರಿದರೆ ಹೋಗುವುದು ಅರ್ಧ ದಿನ.

ಇಷ್ಟಕ್ಕೂ ಬಾರದ ನಟ್ಟಿಗೆ ಬಿಸಿ ಕೊಡಿ. ಅದಕ್ಕೆ ಮುಂಚೆ ಹಾಕಿದ ಎಣ್ಣೆಯನ್ನು ಚೆನ್ನಾಗಿ ಒರೆಸಬೇಕು, ಅದು ಹೊತ್ತಿಕೊಳ್ಳುತ್ತದೆ. ಪಕ್ಕದ ಇಂಧನ ಪೈಪ್, ವೈರು, ರಬ್ಬರ್ ಹೋಸುಗಳನ್ನು ಸರಿಸಿ, ಅಗ್ನಿಶಾಮಕ ಕೈಗೆಟುಕುವಂತೆ ಇಡಿ. ನಟ್ಟು ಮಾತ್ರ ಮಸುಕಾಗಿ ಕೆಂಪಾಗಲಿ. ಅಲ್ಯೂಮಿನಿಯಂ ಹೆಡ್ ಇದ್ದರೆ ಜ್ವಾಲೆ ಹೆಡ್ಡಿನ ಕಡೆ ತಿರುಗದಿರಲಿ: ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ, ಹೆಡ್ಡಿನ ಮಿಶ್ರಲೋಹ ಇನ್ನೂ ಬೇಗ ಮೆತ್ತಗಾಗುತ್ತದೆ, ಕರಗುವ ಮುಂಚೆ ಕೆಂಪಾಗಿ ಎಚ್ಚರಿಸುವುದೂ ಇಲ್ಲ. ಬಿಸಿಯಾದ ನಟ್ಟಿನ ಬುಡಕ್ಕೆ ಮೇಣದ ತುಂಡು ಮುಟ್ಟಿಸಿದರೆ ಮೇಣ ಕರಗಿ ಥ್ರೆಡ್ಡಿನೊಳಗೆ ಎಳೆದುಕೊಂಡು ಹೋಗುತ್ತದೆ. ತಣ್ಣನೆ ಎಣ್ಣೆ ಹೋಗದ ಕಡೆಗೂ ಹೋಗುತ್ತದೆ.

ಮ್ಯಾನಿಫೋಲ್ಡ್ ಇಳಿಸುವಾಗ ಅದು ಭಾರವಿರುತ್ತದೆ, ಟರ್ಬೊ ಜೊತೆಗಿದ್ದರೆ ಇನ್ನೂ ಭಾರ. ಎರಡನೆಯವರು ಇರಲಿ. ಇಳಿದ ಕೂಡಲೇ ಹೆಡ್ಡಿನ ಎಕ್ಸಾಸ್ಟ್ ತೂತುಗಳಿಗೆ, ಟರ್ಬೊದ ಎಲ್ಲ ಬಾಯಿಗಳಿಗೆ, ಆಯಿಲ್ ಪೈಪುಗಳಿಗೆ ಶುಭ್ರ ಬಟ್ಟೆ ತುರುಕಿ ಟೇಪ್ ಸುತ್ತಿ. ಡ್ರಿಲ್ಲಿನ ಒಂದು ಚೂರು ಟರ್ಬೊದ ರೆಕ್ಕೆಗೆ ಸಿಕ್ಕರೆ ಸ್ಟಡ್ಡಿನ ತೊಂದರೆ ಏನೇನೂ ಅಲ್ಲ ಅನಿಸಿಬಿಡುತ್ತದೆ.

ತುಂಡು ಎಷ್ಟು ಹೊರಗಿದೆ?

ಒಂದು ಸೆಂಟಿಮೀಟರಿನಷ್ಟು ಹೊರಗಿದ್ದರೆ ನಿಮ್ಮ ಅದೃಷ್ಟ. ಎರಡು ನಟ್ಟು ಹಾಕಿ ಒಂದಕ್ಕೊಂದು ಬಿಗಿದು ಒಳಗಿನ ನಟ್ಟನ್ನು ಬಿಚ್ಚುವ ದಿಕ್ಕಿಗೆ ತಿರುಗಿಸಿ. ಥ್ರೆಡ್ ಹೋಗಿದ್ದರೆ ಸ್ಟಡ್ ತೆಗೆಯುವ ಸಾಕೆಟ್ ಹಾಕಿ, ಇಲ್ಲವೇ ಲಾಕಿಂಗ್ ಪ್ಲೈಯರ್ ಬಿಗಿಯಾಗಿ ಕಚ್ಚಿಸಿ. ಇಲ್ಲೂ ಹಿಂದುಮುಂದಾಟವೇ ದಾರಿ.

ಹೆಡ್ಡಿನ ಮುಖಕ್ಕೆ ಸಮವಾಗಿ ಅಥವಾ ಒಳಗೇ ಮುರಿದಿದ್ದರೆ ಎರಡು ದಾರಿಗಳು: ನಟ್ಟು ಬೆಸೆದು ತಿರುಗಿಸುವುದು, ಇಲ್ಲವೇ ಕೊರೆದು ತೆಗೆಯುವುದು. ವೆಲ್ಡಿಂಗ್ ಬರುತ್ತಿದ್ದರೆ, ಅಥವಾ ಬರುವವರನ್ನು ಕರೆಸಬಹುದಾದರೆ, ನಾನು ಮೊದಲನೆಯದನ್ನೇ ಹೇಳುವೆ. ಅದು ತಪ್ಪಿದರೂ ಹೆಡ್ ಹಾಳಾಗುವುದು ಕಡಿಮೆ. ಕೊರೆಯುವುದು ತಪ್ಪಿದರೆ ತೂತೇ ಹಾಳಾಗುತ್ತದೆ.

ನಟ್ಟು ಬೆಸೆದು ತೆಗೆಯುವುದು

ಬ್ಯಾಟರಿಯ ಎರಡೂ ವೈರು, ಆಲ್ಟರ್ನೇಟರಿನ ವೈರು, ಎಂಜಿನ್ ಕಂಟ್ರೋಲ್ ಯೂನಿಟ್ಟಿನ ಪ್ಲಗ್ ಬಿಚ್ಚಿಡಿ. ವೆಲ್ಡಿಂಗಿನ ಅರ್ತ್ ಕ್ಲ್ಯಾಂಪನ್ನು ಕೆಲಸದ ಜಾಗಕ್ಕೆ ಹತ್ತಿರ, ಹೆಡ್ಡಿಗೇ ಹಾಕಿ. ಛಾಸಿಗೆ ಹಾಕಿದರೆ ಕರೆಂಟ್ ಬೇರಿಂಗುಗಳ ಮೂಲಕ ದಾರಿ ಹುಡುಕಬಹುದು. ಮುರಿದ ಮುಖವನ್ನು ತಂತಿ ಬ್ರಷ್ಷಿನಿಂದ ಹೊಳೆಯುವಂತೆ ಉಜ್ಜಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದು ಅದರ ಮೇಲೆ ವೆಲ್ಡಿಂಗ್ ಮಾಡಬೇಡಿ. ಕ್ಲೋರಿನ್ ಸೇರಿದ ದ್ರಾವಕಗಳು ಆರ್ಕಿನ ಬಿಸಿ ಮತ್ತು ಕಿರಣಕ್ಕೆ ಒಡೆದು ಫಾಸ್ಜೀನ್ ಎಂಬ ವಿಷಾನಿಲವಾಗುತ್ತವೆ, ಅದು ಶ್ವಾಸಕೋಶವನ್ನೇ ಸುಡುತ್ತದೆ. ಬೆಸೆಯುವ ನಟ್ಟು ಕೂಡ ಸತುವಿನ ಲೇಪವಿಲ್ಲದ ಬರಿಯ ಉಕ್ಕಿನದ್ದಾಗಿರಲಿ. ಸತುವಿನ ಹೊಗೆಯಿಂದ ಜ್ವರ ಬರುತ್ತದೆ, ಬೆಸುಗೆಯೂ ನಿಲ್ಲುವುದಿಲ್ಲ.

ತುಂಡು ಹೆಡ್ಡಿನ ಮುಖಕ್ಕಿಂತ ಒಳಗಿದ್ದರೆ ಮೊದಲು ಮಿಗ್ ವೆಲ್ಡರಿನಿಂದ (ತಂತಿ ತಾನಾಗಿ ಬರುತ್ತಾ ಬೆಸೆಯುವ ಯಂತ್ರ) ತುಂಡಿನ ನಟ್ಟನಡುವೆ ಸಣ್ಣ ಸಣ್ಣ ಚುಕ್ಕೆ ಇಡುತ್ತಾ, ಒಂದರ ಮೇಲೊಂದು ಏರಿಸುತ್ತಾ ಮುಖಕ್ಕಿಂತ ಎರಡು ಮೂರು ಮಿ.ಮೀ. ಹೊರಗೆ ತನ್ನಿ. ಅಲ್ಯೂಮಿನಿಯಂ ಹೆಡ್ಡಿಗೆ ಉಕ್ಕಿನ ತಂತಿ ಬೆಸೆದುಕೊಳ್ಳುವುದಿಲ್ಲ, ಅದೊಂದು ಅನುಕೂಲ. ಕಬ್ಬಿಣದ ಹೆಡ್ಡಾದರೆ ತೂತಿನ ಅಂಚಿಗೆ ತಾಕದಂತೆ ಎಚ್ಚರ ಬೇಕು. ಆಮೇಲೆ ಒಂದು ವಾಷರ್ ಇಟ್ಟು, ಅದರ ಮೇಲೆ ಸ್ಟಡ್ಡಿಗಿಂತ ಒಂದು ಅಳತೆ ದೊಡ್ಡ ನಟ್ಟು ಇಟ್ಟು, ನಟ್ಟಿನ ತೂತಿನೊಳಗಿಂದ ಬೆಸುಗೆ ತುಂಬಿ. ಬಿಸಿ ಕೆಳಗಿಳಿದು ಸ್ಟಡ್ ತುಂಡು ಕೆಂಪಾಗಬೇಕು. ಅದು ಹಿಗ್ಗಿ ತೂತಿನ ಗೋಡೆಯನ್ನು ಒತ್ತಿ, ಮತ್ತೆ ಕುಗ್ಗುವಾಗ ತುಕ್ಕಿನ ಹಿಡಿತ ಬಿಡುತ್ತದೆ. ಹಾಗಾಗಿ ಬೆಸುಗೆ ಅಂಟಿಸುವುದರಷ್ಟೇ ಕೆಲಸವನ್ನು ಈ ಬಿಸಿಯೂ ಮಾಡುತ್ತಿರುತ್ತದೆ.

ಕೆಂಪು ಇರುವಾಗ ತಿರುಗಿಸಬೇಡಿ, ಲೋಹ ಮೆತ್ತಗಿದ್ದು ಹರಿಯುತ್ತದೆ. ಒಂದೆರಡು ನಿಮಿಷ ಬಿಡಿ. ಮೇಣ ಮುಟ್ಟಿಸಿ. ಸ್ಪ್ಯಾನರ್ ಹಾಕಿ ಮೊದಲು ಬಿಗಿ ಮಾಡುವ ದಿಕ್ಕಿಗೆ ಚೂರು, ಆಮೇಲೆ ಬಿಚ್ಚುವ ದಿಕ್ಕಿಗೆ ಚೂರು.

ಆರು ಸಿಲಿಂಡರಿನ ಡೀಸೆಲ್ ಎಂಜಿನ್ನೊಂದರ ಕಟ್ಟಕಡೆಯ ಸ್ಟಡ್ ನನಗೆ ಚೆನ್ನಾಗಿ ನೆನಪಿದೆ. ಮುಖಕ್ಕಿಂತ ಮೂರು ಮಿ.ಮೀ. ಒಳಗೆ, ಓರೆಯಾಗಿ ಮುರಿದಿತ್ತು. ಮೊದಲ ನಟ್ಟು ಕಿತ್ತು ಬಂತು, ಎರಡನೆಯದೂ ಬಂತು. ಕಿತ್ತು ಬಂದ ನಟ್ಟನ್ನು ತಿರುಗಿಸಿ ನೋಡಿದರೆ ಬೆಸುಗೆಯ ತಳ ನುಣ್ಣಗೆ, ಮಸಿ ಬಣ್ಣಕ್ಕಿತ್ತು. ಅಂದರೆ ಅದು ಸ್ಟಡ್ಡಿಗೆ ಕೂಡಿಕೊಂಡೇ ಇರಲಿಲ್ಲ. ಮೂರನೆಯ ಸಲ ಮುಖವನ್ನು ಚೆನ್ನಾಗಿ ಉಜ್ಜಿ, ವೆಲ್ಡರಿನ ಕರೆಂಟ್ ಏರಿಸಿ, ಚುಕ್ಕೆಯನ್ನು ನಿಧಾನವಾಗಿ ಏರಿಸಿದೆ. ಆ ನಟ್ಟು ಸ್ಪ್ಯಾನರಿಗೆ ಮೊದಲು ಒಂದು ಮುಳ್ಳಿನಷ್ಟು ಜರುಗಿತು, ತೂತಿನ ಅಂಚಿನಲ್ಲಿ ಕೆಂಚು ಪುಡಿ ಉದುರಿತು, ಆಮೇಲೆ ಬೆರಳಲ್ಲೇ ತಿರುಗುತ್ತಾ ಹೊರಬಂತು. ನಾಲ್ಕೈದು ನಟ್ಟು ಹಾಳಾಗುವುದು ಈ ಕೆಲಸದಲ್ಲಿ ಮಾಮೂಲು, ಎರಡಕ್ಕೇ ಕೈಬಿಡಬೇಡಿ.

ಕೊರೆದು ತೆಗೆಯುವುದು

ವೆಲ್ಡಿಂಗ್ ಇಲ್ಲದವರಿಗೆ ಇದು ದಾರಿ. ಇಡೀ ಕೆಲಸ ನಿಂತಿರುವುದು ಮೊದಲ ಗುರುತಿನ ಮೇಲೆ. ಮುರಿದ ಮುಖ ಏರುತಗ್ಗಾಗಿರುತ್ತದೆ. ಅದರ ಮೇಲೆ ಡ್ರಿಲ್ ಇಟ್ಟರೆ ತಗ್ಗಿನ ಕಡೆಗೆ ಜಾರಿ ಹೆಡ್ಡನ್ನು ಕೊರೆಯುತ್ತದೆ. ಸಣ್ಣ ಗ್ರೈಂಡಿಂಗ್ ತುದಿಯಿಂದ ಮುಖವನ್ನು ಸಪಾಟು ಮಾಡಿ. ಮ್ಯಾನಿಫೋಲ್ಡನ್ನು ಹಳೆಯ ಗ್ಯಾಸ್ಕೆಟ್ ಇಲ್ಲದೆ ಮತ್ತೆ ಅದರ ಜಾಗದಲ್ಲೇ ಇಟ್ಟು, ಅದರ ತೂತಿನೊಳಗೆ ಸರಿಯಾಗಿ ಕೂರುವ ಉಕ್ಕಿನ ಬುಶ್ (ಸಣ್ಣ ಕೊಳವೆ) ಹಾಕಿದರೆ ಡ್ರಿಲ್ಲಿಗೆ ದಾರಿ ಸಿಗುತ್ತದೆ. ಬುಶ್ಶಿನ ಹೊರ ಅಳತೆ ಮ್ಯಾನಿಫೋಲ್ಡ್ ತೂತಿಗೆ, ಒಳ ಅಳತೆ ಡ್ರಿಲ್ ಬಿಟ್ಟಿಗೆ ಹೊಂದಬೇಕು. ಲೇತ್ ಇರುವ ಯಾರಾದರೂ ಅದನ್ನು ಬೇಗ ತಿರುಗಿಸಿಕೊಡುತ್ತಾರೆ. ತುದಿಯ ತೂತು ಉದ್ದುದ್ದವಾಗಿದ್ದರೆ ಮಾತ್ರ ಬುಶ್ ನಡುವಿಗೆ ಬರುವುದಿಲ್ಲ, ಅಂಥಲ್ಲಿ ಕಣ್ಣನ್ನೇ ನಂಬಬೇಕು.

ಸೆಂಟರ್ ಪಂಚಿನಿಂದ ಮೊದಲು ಮೆಲ್ಲಗೆ ಗುರುತು ಹಾಕಿ. ಕನ್ನಡಿ ಹಿಡಿದು ನಾಲ್ಕೂ ಕಡೆಯಿಂದ ನೋಡಿ. ಗುರುತು ನಡುವಿನಿಂದ ಸರಿದಿದ್ದರೆ ಪಂಚನ್ನು ಓರೆಯಾಗಿ ಹಿಡಿದು ನಡುವಿನ ಕಡೆಗೆ ತಳ್ಳಿ ಹೊಡೆಯಿರಿ. ಸರಿಯಾಯಿತು ಅನಿಸಿದ ಮೇಲಷ್ಟೇ ಗಟ್ಟಿಯಾಗಿ ಒಂದೇಟು ಹಾಕಿ.

ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಕೊಳ್ಳಿ, ಡ್ರಿಲ್ಲನ್ನು ಉಲ್ಟಾ ದಿಕ್ಕಿಗೆ ಓಡಿಸಿ. ಬಿಟ್ ಕಚ್ಚಿಕೊಂಡರೆ ತುಂಡನ್ನು ಬಿಚ್ಚುವ ದಿಕ್ಕಿಗೇ ತಿರುಗಿಸುತ್ತದೆ, ಎಷ್ಟೋ ಸಲ ಅರ್ಧ ಕೊರೆಯುವಷ್ಟರಲ್ಲೇ ತುಂಡು ಹೊರಬರುತ್ತದೆ. ಮೊದಲು 3 ಮಿ.ಮೀ., ಆಮೇಲೆ ಒಂದೊಂದು ಅಳತೆ ಏರಿಸಿ. ಆಳ ಎಷ್ಟೆಂದು ತಿಳಿಯಲು ಪೂರ್ತಿಯಾಗಿ ಹೊರಬಂದ ಇನ್ನೊಂದು ಸ್ಟಡ್ಡಿನ ಒಳಭಾಗವನ್ನು ಅಳೆದು, ಅಷ್ಟಕ್ಕೆ ಬಿಟ್ಟಿನ ಮೇಲೆ ಟೇಪ್ ಸುತ್ತಿ. ವೇಗ ಕಡಿಮೆ, ಒತ್ತಡ ಜಾಸ್ತಿ, ಎಣ್ಣೆ ಧಾರಾಳ. ಬಿಟ್ ಕೊರೆಯದೆ ಬರೀ ಉಜ್ಜಿಕೊಂಡರೆ ಸ್ಟೇನ್‌ಲೆಸ್ ಬಗೆಯ ಸ್ಟಡ್ಡಿನ ಮುಖ ಇನ್ನೂ ಗಟ್ಟಿಯಾಗುತ್ತದೆ. ಸುರುಳಿಯಾಗಿ ಚೂರು ಬರುತ್ತಿದ್ದರೆ ಸರಿ, ಪುಡಿ ಬಂದರೆ ಬಿಟ್ ಮೊಂಡಾಗಿದೆ, ಬದಲಿಸಿ. ಕನ್ನಡಕ ಹಾಕದೆ ಒಂದು ಕ್ಷಣವೂ ಕೊರೆಯಬೇಡಿ.

ತುಂಡು ಹಾಗೂ ಬಾರದಿದ್ದರೆ ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ಹಾಕುವ ಅಳತೆಯವರೆಗೆ ಕೊರೆಯುತ್ತಾ ಹೋಗಿ: ಎಂ8ಕ್ಕೆ (8 ಮಿ.ಮೀ. ವ್ಯಾಸದ ಸ್ಟಡ್) 1.25 ಪಿಚ್ (ಹಲ್ಲಿನಿಂದ ಹಲ್ಲಿಗಿರುವ ದೂರ, ಮಿ.ಮೀ.ಯಲ್ಲಿ) ಆದರೆ 6.8 ಮಿ.ಮೀ., ಎಂ10ಕ್ಕೆ 1.5 ಪಿಚ್ ಆದರೆ 8.5 ಮಿ.ಮೀ. ತೂತು ನಿಜಕ್ಕೂ ನಡುವಿನಲ್ಲಿದ್ದರೆ ಈಗ ಉಳಿಯುವುದು ಹಳೆಯ ಸ್ಟಡ್ಡಿನ ಥ್ರೆಡ್ ಮಾತ್ರ, ತೆಳು ಸ್ಪ್ರಿಂಗಿನ ಹಾಗೆ. ಅದರ ತುದಿಯನ್ನು ಚೂಪು ಮೊನೆಯಿಂದ ಎಬ್ಬಿಸಿ ಮೂತಿ ಸಣ್ಣಗಿರುವ ಪ್ಲೈಯರಿನಿಂದ ಎಳೆದರೆ ಸುರುಳಿ ಸುರುಳಿಯಾಗಿ ಬರುತ್ತದೆ.

ಈಸಿ ಔಟ್ ಬಗ್ಗೆ ಒಂದು ಎಚ್ಚರಿಕೆ

ಮುರಿದ ತುಂಡಿನಲ್ಲಿ ಕೊರೆದ ತೂತಿಗೆ ಕಚ್ಚಿಸಿ ಬಿಚ್ಚುವ ದಿಕ್ಕಿಗೆ ತಿರುಗಿಸುವ ಉಪಕರಣವೇ ಈಸಿ ಔಟ್. ಸುರುಳಿ ಹಲ್ಲಿನ ಈಸಿ ಔಟನ್ನು ಎಲ್ಲರೂ ಮೊದಲು ಕೈಗೆತ್ತಿಕೊಳ್ಳುತ್ತಾರೆ. ನಾನು ಅದನ್ನು ಕೊನೆಗೆ ಇಡುತ್ತೇನೆ. ಸಡಿಲವಿದ್ದೂ ಹಿಡಿಯಲು ಸಿಗದ ಬೋಲ್ಟಿಗೆ ಅದು ಒಳ್ಳೆಯದು. ವರ್ಷಗಟ್ಟಲೆ ಬೆಂದು ಕಚ್ಚಿಕೊಂಡ ಸ್ಟಡ್ಡಿಗೆ ಅಲ್ಲ. ಅದು ಬೆಣೆಯ ಹಾಗೆ ತುಂಡನ್ನು ಒಳಗಿಂದ ಅಗಲಿಸಿ ಗೋಡೆಗೆ ಇನ್ನೂ ಬಿಗಿಯಾಗಿ ಒತ್ತುತ್ತದೆ. ಅದು ತುಂಬಾ ಗಟ್ಟಿ, ಆದ್ದರಿಂದಲೇ ಬಾಗದೆ ಪಟ್ಟನೆ ಮುರಿಯುತ್ತದೆ. ಒಮ್ಮೆ ತೂತಿನೊಳಗೆ ಮುರಿದರೆ ಸಾಮಾನ್ಯ ಡ್ರಿಲ್ ಅದರ ಮೇಲೆ ಗೀರೂ ಹಾಕುವುದಿಲ್ಲ. ಆಮೇಲೆ ಕಾರ್ಬೈಡ್ ತುದಿಯಿಂದ ಚೂರು ಚೂರೇ ಪುಡಿ ಮಾಡಬೇಕು, ಅಥವಾ ಹೆಡ್ ಇಳಿಸಿ ಕಿಡಿ ಹಾರಿಸಿ ಲೋಹ ಸವೆಸುವ ಯಂತ್ರವಿರುವ ಕಡೆಗೆ ಒಯ್ಯಬೇಕು. ನನಗೆ ಇದು ಒಮ್ಮೆ ಆಗಿದೆ. ಸಂಜೆಯೊಳಗೆ ಮುಗಿಸಬೇಕೆಂದು ಹೊರಟ ಕೆಲಸಕ್ಕೆ ಹೆಡ್ಡೇ ಇಳಿಸಬೇಕಾಯಿತು. ಬಳಸಲೇಬೇಕಾದರೆ ನೇರ ಹಲ್ಲಿನದನ್ನು ಬಳಸಿ, ತುಂಡನ್ನು ಬಿಸಿ ಮಾಡಿ, ಕೈಬಲಕ್ಕೆ ಬಂದಷ್ಟೇ ಬರಲಿ.

ತೂತಿನ ಥ್ರೆಡ್

ತುಂಡು ಹೊರಬಂದ ಮೇಲೆ ಥ್ರೆಡ್ ಶುಚಿ ಮಾಡಬೇಕು. ಇದಕ್ಕೆ ಹೊಸದಾಗಿ ಕೊರೆಯುವ ಟ್ಯಾಪಿಗಿಂತ ಥ್ರೆಡ್ ಚೇಸರ್ ಉತ್ತಮ, ಅದು ಇರುವ ಥ್ರೆಡ್ಡನ್ನು ನೇರ್ಪಡಿಸುತ್ತದೆಯೇ ಹೊರತು ಲೋಹ ಕೊರೆಯುವುದಿಲ್ಲ. ಟ್ಯಾಪೇ ಹಾಕಬೇಕಾದರೆ ಎಣ್ಣೆ ಹಚ್ಚಿ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಕೊನೆಗೆ ಗಾಳಿ ಊದಿ ತೂತು ಒಣಗಿಸಿ. ತಳ ಮುಚ್ಚಿದ ತೂತಿನಲ್ಲಿ ಎಣ್ಣೆ ನಿಂತಿದ್ದರೆ ಸ್ಟಡ್ ಬಿಗಿಯುವಾಗ ಅದು ಜಗ್ಗದೆ ಒತ್ತಡವಾಗಿ ಹೆಡ್ಡನ್ನೇ ಸೀಳಬಹುದು.

ಥ್ರೆಡ್ ಹೋಗಿದ್ದರೆ ಅಥವಾ ಕೊರೆದದ್ದು ಸ್ವಲ್ಪ ಪಕ್ಕಕ್ಕೆ ಸರಿದಿದ್ದರೆ ಥ್ರೆಡ್ ಇನ್ಸರ್ಟ್ (ದೊಡ್ಡದು ಮಾಡಿದ ತೂತಿನಲ್ಲಿ ಕೂರಿಸುವ ಹೊಸ ಥ್ರೆಡ್) ಹಾಕಿ. ತಂತಿ ಸುರುಳಿಯದು ಸುಲಭವಾಗಿ ಸಿಗುತ್ತದೆ, ಆದರೆ ಎಕ್ಸಾಸ್ಟಿಗೆ ನಾನು ಗಟ್ಟಿ ಬುಶ್ಶಿನಂಥದ್ದನ್ನೇ ಆರಿಸುತ್ತೇನೆ. ಮುಂದೆ ಎಂದಾದರೂ ಸ್ಟಡ್ ತೆಗೆದಾಗ ಸುರುಳಿ ಅದರ ಜೊತೆಗೇ ಬಂದುಬಿಡುವ ಸಂಭವವಿದೆ.

ಮ್ಯಾನಿಫೋಲ್ಡಿನ ಮುಖ

ಹೊಸ ಸ್ಟಡ್ ಉಳಿಯುತ್ತದೋ ಇಲ್ಲವೋ ಎಂಬುದು ಇಲ್ಲಿ ನಿರ್ಧಾರವಾಗುತ್ತದೆ. ಹಳೆಯ ಗ್ಯಾಸ್ಕೆಟ್ ಪೂರ್ತಿ ಕೆರೆದು ತೆಗೆಯಿರಿ. ಮಶೀನ್ ಮಾಡಿದ ಉಕ್ಕಿನ ಸ್ಕೇಲನ್ನು ಮ್ಯಾನಿಫೋಲ್ಡಿನ ಎಲ್ಲ ಮುಖಗಳ ಮೇಲೆ ಉದ್ದಕ್ಕೆ ಇಟ್ಟು, ಅಡಿಯಲ್ಲಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಬ್ಲೇಡುಗಳು) ತೂರಿಸಿ ನೋಡಿ. ಎಷ್ಟು ಬಾಗು ನಡೆಯುತ್ತದೆ ಎಂಬ ಮಿತಿ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ನನ್ನ ಮಟ್ಟಿಗೆ 0.2 ಮಿ.ಮೀ. ಬ್ಲೇಡ್ ಎಲ್ಲಾದರೂ ಸಲೀಸಾಗಿ ನುಗ್ಗಿದರೆ ಮ್ಯಾನಿಫೋಲ್ಡನ್ನು ಹಾಗೇ ಕೂರಿಸುವುದಿಲ್ಲ, ಮಶೀನ್ ಶಾಪಿಗೆ ಕಳಿಸುತ್ತೇನೆ. ಬಾಗಿದ್ದನ್ನು ನಟ್ಟಿನ ಬಲದಿಂದ ಎಳೆದು ಕೂರಿಸಿದರೆ ಆ ಎಳೆತವನ್ನೆಲ್ಲ ತುದಿಯ ಸ್ಟಡ್ ಹಗಲೂ ರಾತ್ರಿ ಹೊರುತ್ತಿರುತ್ತದೆ.

ತೂತುಗಳ ಒಳಗೆ ಗಟ್ಟಿಯಾದ ತುಕ್ಕನ್ನು ದುಂಡು ಅರದಿಂದ ತೆಗೆಯಿರಿ. ಸ್ಟಡ್ ತೂತಿನ ನಡುವೆ ಎಲ್ಲೂ ತಾಕದೆ ನಿಲ್ಲಬೇಕು. ಬಿರುಕು ಇದೆಯೇ ಎಂದು ಎರಡು ತೂತುಗಳ ನಡುವಿನ ಜಾಗವನ್ನು ವಿಶೇಷವಾಗಿ ನೋಡಿ.

ಜೋಡಣೆ

ಹೊಸ ಸ್ಟಡ್ಡಿನ ಥ್ರೆಡ್ಡಿಗೆ ಹೆಚ್ಚು ಬಿಸಿ ತಡೆಯುವ, ಥ್ರೆಡ್ ಕಚ್ಚಿಕೊಳ್ಳದಂತೆ ಮಾಡುವ ಆ್ಯಂಟಿ ಸೀಜ್ ಪೇಸ್ಟ್ ತೆಳುವಾಗಿ ಹಚ್ಚಿ. ತಾಮ್ರದ ಪೇಸ್ಟ್ ಸುಮಾರು 980 ಡಿಗ್ರಿವರೆಗೆ ತಡೆಯುತ್ತದೆ, ನಿಕ್ಕಲಿನದು ಅದಕ್ಕಿಂತ ಹೆಚ್ಚು. ಕೂಲೆಂಟಿಗೆ ತೆರೆದ ತೂತಾದರೆ ಪೇಸ್ಟಿನ ಬದಲು ಸೀಲೆಂಟ್. ಸ್ಟಡ್ಡನ್ನು ಕೈಯಲ್ಲಿ ತಿರುಗಿಸಿ ಕೂರಿಸಿ, ಆಮೇಲೆ ಮ್ಯಾನ್ಯುಯಲ್ ಹೇಳಿದಷ್ಟು ಮಾತ್ರ ಬಿಗಿ.

ಗ್ಯಾಸ್ಕೆಟ್ ಒಣಗಿಯೇ ಇರಲಿ, ಮ್ಯಾನ್ಯುಯಲ್ ಕೇಳದ ಹೊರತು ಗೋಂದು ಸವರಬೇಡಿ. ಯಾವ ಮುಖ ಹೆಡ್ಡಿನ ಕಡೆಗೆ ಎಂದು ನೋಡಿಕೊಳ್ಳಿ. ನಟ್ಟಿನ ಕೆಳಗೆ ಉದ್ದನೆಯ ಕೊಳವೆ ವಾಷರ್ ಇದ್ದರೆ ಅದನ್ನು ಬಿಡದೆ ಹಾಕಿ. ಸ್ಟಡ್ ಉದ್ದವಿದ್ದಷ್ಟೂ ಸ್ವಲ್ಪ ಬಾಗಿ, ಹಿಗ್ಗಿ ಹೊಂದಿಕೊಳ್ಳುತ್ತದೆ, ಅದಕ್ಕೆಂದೇ ಆ ಕೊಳವೆ.

ಎಲ್ಲ ನಟ್ಟುಗಳನ್ನೂ ಮೊದಲು ಬೆರಳಲ್ಲಿ ಹಾಕಿ. ಆಮೇಲೆ ನಡುವಿನಿಂದ ಶುರು ಮಾಡಿ ಎರಡೂ ಕಡೆಗೆ ಸರದಿಯಂತೆ ತುದಿಯತ್ತ ಹೋಗಿ, ಮೂರು ಸುತ್ತಿನಲ್ಲಿ ಪೂರ್ತಿ ಟಾರ್ಕಿಗೆ ತನ್ನಿ. ಎಂ8 ನಟ್ಟಿಗೆ ಹೆಚ್ಚಾಗಿ 20ರಿಂದ 30 ನ್ಯೂಟನ್ ಮೀಟರಿನ ಆಸುಪಾಸು ಇರುತ್ತದೆ, ನಿಮ್ಮ ಎಂಜಿನ್ನಿನ ಅಂಕಿಯೇ ಅಂತಿಮ. ಮ್ಯಾನ್ಯುಯಲ್‌ನ ಅಂಕಿ ಒಣ ಥ್ರೆಡ್ಡಿಗೆ ಕೊಟ್ಟದ್ದಾದರೆ, ಪೇಸ್ಟ್ ಹಚ್ಚಿದ ಥ್ರೆಡ್ಡಿನಲ್ಲಿ ಅದೇ ಟಾರ್ಕ್ ಹೆಚ್ಚು ಎಳೆತ ಕೊಡುತ್ತದೆ ಎಂಬುದು ನೆನಪಿರಲಿ. ಟಾರ್ಕ್ ರೆಂಚ್ ಇಲ್ಲದೆ ಈ ಹಂತಕ್ಕೆ ಬರಬೇಡಿ. 'ಇನ್ನೊಂದು ಚೂರು ಇರಲಿ' ಎಂದು ಕೊಟ್ಟ ಆ ಚೂರಿನಿಂದಲೇ ಎಷ್ಟೋ ಸ್ಟಡ್ ಮುರಿದಿವೆ.

ಟರ್ಬೊದ ಆಯಿಲ್ ಪೈಪುಗಳಿಗೆ ಹೊಸ ತಾಮ್ರದ ವಾಷರ್ ಹಾಕಿ, ಟರ್ಬೊದ ಆಯಿಲ್ ಬಾಯಿಗೆ ಸ್ವಲ್ಪ ಶುದ್ಧ ಎಂಜಿನ್ ಆಯಿಲ್ ಬಿಟ್ಟು ಜೋಡಿಸಿ. ತುರುಕಿದ ಬಟ್ಟೆಗಳನ್ನು ಎಣಿಸಿ ತೆಗೆಯಿರಿ: ಹಾಕುವಾಗ ಎಷ್ಟು ಹಾಕಿದಿರಿ ಎಂದು ಬರೆದಿಟ್ಟುಕೊಂಡಿದ್ದರೆ ಈಗ ನಿಶ್ಚಿಂತೆ.

ಮೊದಲ ಸ್ಟಾರ್ಟ್

ಬಯಲಲ್ಲಿ, ಗಾಳಿಯಾಡುವ ಕಡೆ ಸ್ಟಾರ್ಟ್ ಮಾಡಿ. ಪೇಸ್ಟ್, ಎಣ್ಣೆ, ಮೇಣ ಸುಟ್ಟು ಮೊದಲ ಕೆಲವು ನಿಮಿಷ ಹೊಗೆ ಬರುತ್ತದೆ, ಗಾಬರಿ ಬೇಡ. ಎಣ್ಣೆ ತೊಟ್ಟಿಕ್ಕುವುದು, ಕೂಲೆಂಟ್ ಇಣುಕುವುದು ಮಾತ್ರ ಇರಬಾರದು. ಕೂಲೆಂಟ್ ಇಳಿಸಿದ್ದರೆ ಗಾಳಿ ಹೊರಹೋಗುವಂತೆ ತುಂಬಿ ಮಟ್ಟ ನೋಡಿ.

ಗಾಡಿಯನ್ನು ಲೋಡಿಲ್ಲದೆ ಸ್ವಲ್ಪ ದೂರ ಓಡಿಸಿ, ರಾತ್ರಿಯಿಡೀ ತಣ್ಣಗಾಗಲು ಬಿಡಿ. ಬಿಸಿಯಾಗಿ ತಣ್ಣಗಾದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಟಾರ್ಕ್ ಮಾಡಬೇಕೆಂದು ನಿಮ್ಮ ಮ್ಯಾನ್ಯುಯಲ್ ಹೇಳಿದರೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ಅದೇ ನಡುವಿನಿಂದ ತುದಿಗೆ ಹೋಗುವ ಕ್ರಮದಲ್ಲೇ ಮಾಡಿ. ಆಮೇಲೆ ಬಾನೆಟ್ ತೆರೆದಿಟ್ಟು, ಯಾರನ್ನಾದರೂ ಕೀ ತಿರುಗಿಸಲು ಕೂರಿಸಿ, ನೀವು ಮ್ಯಾನಿಫೋಲ್ಡಿನ ಪಕ್ಕ ನಿಂತು ಕೇಳಿ. ತಣ್ಣಗಿನ ಎಂಜಿನ್ನಿನ ಮೊದಲ ಅರ್ಧ ನಿಮಿಷದಲ್ಲಿ ಆ ಟಿಕ್ ಟಿಕ್ ಇಲ್ಲದಿದ್ದರೆ ಕೆಲಸ ಆಯಿತು. ಒಂದು ತಿಂಗಳು ಕಳೆದ ಮೇಲೆ ಟಾರ್ಚ್ ಹಿಡಿದು ಗ್ಯಾಸ್ಕೆಟ್ ಗೆರೆಯನ್ನು ಇನ್ನೊಮ್ಮೆ ನೋಡಿ, ಹೊಸ ಮಸಿ ಎಲ್ಲೂ ಇರಬಾರದು.